300 ಬಂದರೂ ಬರೆದಿಡು

ಪ್ರೀತಿಯ ಪುಟ್ಟಿ,

ನಿನ್ನಮ್ಮ ಫೋನ್ ಮಾಡಿದ್ದಳು. ನಿನ್ನ ಶುಗರ್ ಪುಸ್ತಕದಲ್ಲಿ ಎಲ್ಲಾ 110, 120, 130 ಅಂತಲೇ ಇದೆಯಂತೆ. ಮೀಟರ್ ಮೆಮೊರಿ ತೆಗೆದು ನೋಡಿದರೆ ಬೇರೆಯೇ ಕಥೆಯಂತೆ, 300ರವರೆಗೂ ಏರಿದೆಯಂತೆ. ಅವಳು ಗಾಬರಿಯಾಗಿದ್ದಳು, ನನಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ನಿನ್ನ ವಯಸ್ಸಿನಲ್ಲಿ ಇಂಥ ಪುಸ್ತಕ ಬರೆಯುವವರು ಬಹಳ ಮಂದಿ ಇದ್ದಾರೆ. ಡಾಕ್ಟರಿಗೂ ಅದು ಗೊತ್ತು. ತಿಂಗಳಿಡೀ ಒಂದೇ ಪೆನ್ನು, ಒಂದೇ ಓರೆ, ಎಲ್ಲೂ ಒಂದು ರಕ್ತದ ಕಲೆ ಇಲ್ಲ ಅಂದ್ರೆ, ಅದು ಕ್ಲಿನಿಕ್ಕಿನ ಹೊರಗೆ ಕೂತು ಬರೆದದ್ದು ಅಂತ ಯಾರಿಗಾದರೂ ತಿಳಿಯುತ್ತದೆ ಅಲ್ವಾ?

ಬೈಯುವುದಕ್ಕೆ ಬರೆಯುತ್ತಿಲ್ಲ. ನನಗೂ ಟೈಪ್ 1 ಡಯಾಬಿಟಿಸ್ ಬಂದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲೇ. ಈಗ ತಲೆ ಬೆಳ್ಳಗಾಗಿದೆ, ಕಣ್ಣು ಕಾಲು ಎಲ್ಲಾ ನೆಟ್ಟಗಿವೆ. ಹಾಗಾಗಿ ಸ್ವಲ್ಪ ಹೇಳಬಹುದು ಅಂದುಕೊಂಡಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೋ. ನೀನು ಸಿಹಿ ತಿಂದಿದ್ದಕ್ಕೆ ಇದು ಬಂದದ್ದಲ್ಲ. ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ನಿನ್ನ ಮೈಯ ರಕ್ಷಣಾ ವ್ಯವಸ್ಥೆಯೇ ಶತ್ರು ಅಂತ ತಪ್ಪು ತಿಳಿದು ಹಾಳು ಮಾಡಿದೆ. ಆ ಕೆಲಸವನ್ನು ಈಗ ನೀನು ಹೊರಗಿನಿಂದ ಮಾಡಬೇಕು. ಮೈ ತಾನೇ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಮಾಡುತ್ತಿದ್ದ ಕೆಲಸ ಅದು. ನೀನು ದಿನಕ್ಕೆ ನಾಲ್ಕೈದು ಸಲ ಅಂದಾಜು ಮಾಡಿ ಹಾಕುವ ಸೂಜಿಯಲ್ಲಿ ಅದು ಅಚ್ಚುಕಟ್ಟಾಗಿ ಆಗುತ್ತದೆ ಅಂದರೆ ಹೇಗೆ? ತಪ್ಪುತ್ತದೆ. ನನಗೆ ಈಗಲೂ ತಪ್ಪುತ್ತದೆ.

300 ಬಂತು ಅಂದರೆ ಅದಕ್ಕೆ ಕಾರಣ ಇರುತ್ತದೆ. ತಿಂದ ಅಂದಾಜು ತಪ್ಪಿರಬಹುದು. ಪರೀಕ್ಷೆಯ ಟೆನ್ಷನ್ ಇರಬಹುದು. ಜ್ವರ ಬರುವ ಮುಂಚೆಯೇ ಶುಗರ್ ಏರುವುದುಂಟು. ಮುಟ್ಟಿಗೆ ಮುಂಚಿನ ಕೆಲವು ದಿನ ಎಷ್ಟೋ ಹುಡುಗಿಯರಿಗೆ ಇನ್ಸುಲಿನ್ ಜಾಸ್ತಿ ಬೇಕಾಗುತ್ತದೆ. ಇದನ್ನು ಡಾಕ್ಟರ್ ಹತ್ತಿರ ಕೇಳೋಕೆ ನಾಚಿಕೊಳ್ಳಬೇಡ. ಬೆಳೆಯುವ ವಯಸ್ಸಿನ ಹಾರ್ಮೋನುಗಳೂ ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತವೆ. ಇವೆಲ್ಲಾ ಕಾಣಬೇಕಾದರೆ ನಿಜವಾದ 300 ಪುಸ್ತಕದಲ್ಲಿ ಇರಬೇಕು, ಪಕ್ಕದಲ್ಲಿ ಒಂದು ಪದ ಇರಬೇಕು. 'ಜ್ವರ', 'ಮದುವೆ ಊಟ', 'ಗೊತ್ತಿಲ್ಲ'. 'ಗೊತ್ತಿಲ್ಲ' ಅಂತ ಬರೆದರೂ ಪರವಾಗಿಲ್ಲ. ಒಂದು ದಿನದ ಅಂಕಿ ನೋಡಿ ತಲೆ ಕೆಡಿಸಿಕೊಳ್ಳಬೇಡ. ಮೂರು ನಾಲ್ಕು ದಿನದ್ದು ಒಟ್ಟಿಗೆ ಇಟ್ಟು ನೋಡು. ದಿನಾ ಬೆಳಿಗ್ಗೆ ಮಾತ್ರ ಏರುತ್ತಿದ್ದರೆ ಒಂದೆರಡು ರಾತ್ರಿ 3 ಗಂಟೆಗೆ ಎದ್ದು ಚೆಕ್ ಮಾಡು. ಆಗ ಕಾರಣದ ದಾರಿ ಸಿಗುತ್ತದೆ.

ಸುಳ್ಳು ಬರೆದರೆ ಆಗುವ ತೊಂದರೆ ಬೈಗುಳಕ್ಕಿಂತ ದೊಡ್ಡದು. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳಿಬಿಡುತ್ತದೆ, ಯಾಕೆಂದರೆ ಸಕ್ಕರೆ ಕೆಂಪು ರಕ್ತಕಣಕ್ಕೆ ಅಂಟಿಕೊಳ್ಳುತ್ತದೆ, ಆ ಕಣದ ಆಯಸ್ಸು ಸುಮಾರು 120 ದಿನ. ಪುಸ್ತಕ 120 ಅನ್ನುತ್ತದೆ, ಎಚ್‌ಬಿಎ1ಸಿ 10 ಅನ್ನುತ್ತದೆ, ಅಂದರೆ ಶುಗರ್ ಬಹಳ ಏರಿದೆ ಅಂತ. ಡಾಕ್ಟರ್ ಯಾವ ಹೊತ್ತಿನ ಡೋಸ್ ಏರಿಸಬೇಕು? ತಪ್ಪು ಹೊತ್ತಿನದು ಏರಿಸಿದರೆ ಶುಗರ್ ತೀರಾ ಇಳಿದು ನೀನು ಕ್ಲಾಸಲ್ಲೋ ರಸ್ತೆಯಲ್ಲೋ ಕುಸಿದು ಬೀಳಬಹುದು.

ಅಷ್ಟು ಒದ್ದಾಡಿ ಏನು ಸಿಗುತ್ತದೆ ಅಂತ ನೀನು ಕೇಳಬಹುದು. ಅಮೆರಿಕ, ಕೆನಡಾಗಳಲ್ಲಿ ಡಿಸಿಸಿಟಿ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಅದರ ಫಲಿತಾಂಶ ಹೊರಬಂದದ್ದು 1993ರಲ್ಲಿ. ಒಂದು ಗುಂಪಿನ ಎಚ್‌ಬಿಎ1ಸಿ ಸುಮಾರು 7ರಲ್ಲಿ ಇತ್ತು, ಇನ್ನೊಂದರದ್ದು ಸುಮಾರು 9. 7ರ ಗುಂಪಿನಲ್ಲಿ ಕಣ್ಣಿನ ತೊಂದರೆ ಶುರುವಾಗುವ ಅಪಾಯ ಶೇಕಡಾ 76ರಷ್ಟು ಕಡಿಮೆಯಾಯಿತು. ಮೂತ್ರಪಿಂಡಕ್ಕೂ ನರಗಳಿಗೂ ಒಳ್ಳೆಯದೇ ಆಯಿತು. ಮುಂದೆ ಎಷ್ಟೋ ವರ್ಷ ಅವರನ್ನು ನೋಡಿಕೊಂಡು ಬಂದಾಗ, ಆ ಮೊದಲಿನ ವರ್ಷಗಳ ಲಾಭ ಮೈಯಲ್ಲಿ ಉಳಿದೇ ಇತ್ತು. ಅಂದರೆ ಹದಿನೇಳರಲ್ಲಿ ನೀನು ಪಡುವ ಕಷ್ಟ ನಲವತ್ತರಲ್ಲಿ ಕೆಲಸಕ್ಕೆ ಬರುತ್ತದೆ. 7 ಅನ್ನುವುದು ಎಲ್ಲರಿಗೂ ಒಂದೇ ಗುರಿ ಅಲ್ಲ, ನಿನ್ನದು ಎಷ್ಟು ಅಂತ ನಿನ್ನ ಡಾಕ್ಟರ್ ಹೇಳುತ್ತಾರೆ. 9 ಇದ್ದದ್ದು ಎಂಟೂವರೆಗೆ ಇಳಿದರೂ ಲಾಭವೇ.

ಈಗ ಲೋ ಶುಗರ್ ವಿಷಯ. ಹೈ ಆದರೆ ಬೈಸಿಕೊಳ್ಳಬೇಕು, ಲೋ ಆದರೆ ನಾಚಿಕೆ, ಅಲ್ವಾ? ಎರಡೂ ಬೇಡ. 70ರ ಕೆಳಗೆ ಇಳಿದಾಗ ಬೆರಳು ನಡುಗುತ್ತದೆ, ಕತ್ತಿನ ಹಿಂದೆ ತಣ್ಣನೆ ಬೆವರು, ಎದುರಿಗಿರುವವರ ಮೇಲೆ ಸುಮ್ನೆ ಸಿಟ್ಟು. ಗ್ಲೂಕೋಸ್ ಪೊಟ್ಟಣ ಕೈಯಲ್ಲಿದ್ದರೂ ಅದರ ಮೂಲೆ ಹರಿಯೋಕೆ ಆಗುವುದಿಲ್ಲ. ಅದಕ್ಕೇ ನಾನು ಬ್ಯಾಗಿನಲ್ಲಿ ಇಡುವ ಪೊಟ್ಟಣಕ್ಕೆ ಮನೆಯಲ್ಲೇ ಕತ್ತರಿಯಿಂದ ಸಣ್ಣ ಕಚ್ಚು ಹಾಕಿಟ್ಟಿರುತ್ತೇನೆ. ನೀನೂ ಹಾಗೆ ಮಾಡು. 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಇಲ್ಲಾ ಅರ್ಧ ಲೋಟ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡು. ಏರದಿದ್ದರೆ ಮತ್ತೆ ಅಷ್ಟೇ. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.

ಇದಕ್ಕೆಲ್ಲಾ ಪಕ್ಕದಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಕ್ಲಾಸಿಗೆಲ್ಲಾ ಡಂಗುರ ಸಾರು ಅಂತ ಹೇಳುತ್ತಿಲ್ಲ. ಇಬ್ಬರು ಗೆಳತಿಯರಿಗೆ ಹೇಳು: ನಾನು ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಶುಗರ್ ಏರಿಸುವ ಗ್ಲುಕಗಾನ್ ಔಷಧಿ ಇದ್ದರೆ ಕೊಡಿ, ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಹೇಳೋಕೆ ಎರಡು ನಿಮಿಷ ಸಾಕು.

ಬಚ್ಚಿಡುವುದು ಹೊಸದೇನಲ್ಲ ಬಿಡು. ಇನ್ಸುಲಿನ್ ಮೊದಲು ಮನುಷ್ಯರಿಗೆ ಕೊಟ್ಟದ್ದು 1922ರ ಜನವರಿಯಲ್ಲಿ, ಟೊರೊಂಟೊದಲ್ಲಿ, ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ. ಅದೇ ವರ್ಷ ಆಗಸ್ಟಿನಲ್ಲಿ ಎಲಿಜಬೆತ್ ಹ್ಯೂಸ್ ಅನ್ನುವ ಹುಡುಗಿ ಅಲ್ಲಿಗೆ ಬಂದಳು. ಆಗಿನ ಚಿಕಿತ್ಸೆ ಅಂದರೆ ಉಪವಾಸ. ಅವಳ ತೂಕ ಸುಮಾರು 20 ಕಿಲೋಗೆ ಇಳಿದಿತ್ತು. ಇನ್ಸುಲಿನ್ ಸಿಕ್ಕಿತು, ಓದಿದಳು, ಮದುವೆಯಾದಳು, ಮಕ್ಕಳಾದವು, 1981ರ ತನಕ ಬದುಕಿದಳು. ಕಾಯಿಲೆಯ ವಿಷಯ ಮಾತ್ರ ಜೀವನವಿಡೀ ಹೊರಗಿನವರಿಗೆ ತಿಳಿಯದ ಹಾಗೆ ನೋಡಿಕೊಂಡಳು. ಆ ಕಾಲಕ್ಕೆ ಅವಳಿಗೆ ಹಾಗೆ ಅನ್ನಿಸಿರಬಹುದು, ನಾನು ತಪ್ಪು ಅನ್ನುವುದಿಲ್ಲ. ಆದರೆ ಅವಳು ಬಚ್ಚಿಟ್ಟದ್ದು ಜನರಿಂದ. ತನ್ನ ಸೂಜಿಯಿಂದ ತಪ್ಪಿಸಿಕೊಳ್ಳಲಿಲ್ಲ.

ಸೂಜಿ ಅಂದೆ ನೋಡು, ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಏನೇ ಆದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡ. ವಾಂತಿ ಆಗುತ್ತಿದೆ, ಏನೂ ತಿಂದಿಲ್ಲ, ಹಾಗಾಗಿ ಇವತ್ತು ಬೇಡ ಅನ್ನುವವರಿದ್ದಾರೆ. ಮೈಗೆ ಹುಷಾರಿಲ್ಲದಾಗ ಎಷ್ಟೋ ಸಲ ಇನ್ಸುಲಿನ್ ಇನ್ನೂ ಜಾಸ್ತಿಯೇ ಬೇಕು. ಅದು ಸಿಗದಿದ್ದರೆ ಮೈ ಕೊಬ್ಬನ್ನು ಸುಡುತ್ತದೆ, ಕೀಟೋನ್ ಸೇರಿ ರಕ್ತ ಹುಳಿಯಾಗುತ್ತದೆ, ಒಂದೇ ದಿನದಲ್ಲಿ ಐಸಿಯು ಸೇರುವ ಹಾಗಾಗುತ್ತದೆ. ಶುಗರ್ 250 ದಾಟಿ ಇಳಿಯದೆ ಹೊಟ್ಟೆನೋವು, ವಾಂತಿ ಬಂದರೆ ಕೀಟೋನ್ ಚೆಕ್ ಮಾಡು, ಕಾಯುತ್ತಾ ಕೂರಬೇಡ, ಆಸ್ಪತ್ರೆಗೆ ಹೋಗು. ತೆಳ್ಳಗಾಗಬೇಕು ಅಂತ ಡೋಸ್ ಬಿಡುವ ಹುಡುಗಿಯರೂ ಇದ್ದಾರೆ. ನಿನಗೆ ಎಂದಾದರೂ ಆ ಯೋಚನೆ ಬಂದರೆ ನನಗೆ ಹೇಳು, ಮಧ್ಯರಾತ್ರಿ ಆದರೂ ಸರಿ. ಯಾವುದೋ ಪುಡಿ ತಿಂದರೆ ಇನ್ಸುಲಿನ್ ಬಿಡಬಹುದು ಅನ್ನುವ ನೆಂಟರು ಸಿಕ್ಕರೆ, ನಕ್ಕು ಮುಂದೆ ಹೋಗು.

ಹೊಟ್ಟೆಯ ಮೇಲೆ ಕೈ ಆಡಿಸಿ ನೋಡು. ದಿನಾ ಚುಚ್ಚುವ ಜಾಗದಲ್ಲಿ ರಬ್ಬರಿನ ಹಾಗೆ ಮೆತ್ತನೆ ಗಂಟು ಸಿಗುತ್ತದಾ? ಅಲ್ಲಿ ಚುಚ್ಚಿದರೆ ನೋವಾಗುವುದಿಲ್ಲ, ಅದಕ್ಕೇ ಕೈ ಅಲ್ಲಿಗೇ ಹೋಗುತ್ತದೆ. ಆದರೆ ಅಲ್ಲಿಂದ ಇನ್ಸುಲಿನ್ ಒಂದೊಂದು ದಿನ ಒಂದೊಂದು ಥರ ರಕ್ತಕ್ಕೆ ಸೇರುತ್ತದೆ. ಎಷ್ಟೋ ಜನರ ಅರ್ಥವಾಗದ 300ಕ್ಕೆ ಇದೇ ಕಾರಣ. ಜಾಗ ಬದಲಿಸುತ್ತಿರು. ಗಂಟಿಲ್ಲದ ಜಾಗಕ್ಕೆ ಹೋದಾಗ ಅದೇ ಡೋಸ್ ಜಾಸ್ತಿ ಕೆಲಸ ಮಾಡಬಹುದು, ಅದಕ್ಕೇ ಮೊದಲೇ ಡಾಕ್ಟರಿಗೆ ತಿಳಿಸಿ ಬದಲಿಸು.

ಆಟ ಬಿಡಬೇಡ. ಪಾಕಿಸ್ತಾನದ ಬೌಲರ್ ವಾಸಿಂ ಅಕ್ರಂಗೆ ಈ ಕಾಯಿಲೆ ಗೊತ್ತಾದದ್ದು 1997ರಲ್ಲಿ, ಆಡುತ್ತಿದ್ದಾಗಲೇ. ಏಕದಿನ ಪಂದ್ಯಗಳಲ್ಲಿ 500ನೇ ವಿಕೆಟ್ ತೆಗೆದದ್ದು ಅದಾದ ಮೇಲೆ, 2003ರ ವಿಶ್ವಕಪ್ಪಿನಲ್ಲಿ. ಸಂಜೆ ಜೋರಾಗಿ ಆಡಿದ ದಿನ ರಾತ್ರಿ ನಿದ್ದೆಯಲ್ಲಿ ಶುಗರ್ ಇಳಿಯಬಹುದು ಅನ್ನುವುದು ನೆನಪಿರಲಿ. ಮಲಗುವ ಮುಂಚೆ ಚೆಕ್ ಮಾಡದೆ ದೀಪ ಆರಿಸಬೇಡ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ನಿನಗೆ ಎಲ್ಲರೂ ಹೇಳುತ್ತಾರೆ. ಕಾರ್ಬ್, ಅಂದರೆ ಊಟದಲ್ಲಿರುವ ಪಿಷ್ಟ, ಸಕ್ಕರೆ ಎಷ್ಟು ಅಂತ ಎಣಿಸೋಕೆ ಕಲಿ, ಡಯಟೀಶಿಯನ್ ಹತ್ತಿರ ಕೂತು ಕಲಿ. ಎಣಿಸೋಕೆ ಬಂದರೆ ಹುಟ್ಟುಹಬ್ಬದ ಕೇಕಿಗೂ ಜಾಗ ಸಿಗುತ್ತದೆ.

ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. ಸಾಕಾಗಿಹೋಗುವ ದಿನ ಬರುತ್ತದೆ. ಮೀಟರ್ ನೋಡಿದರೆ ಎಸೆಯಬೇಕು ಅನ್ನಿಸುತ್ತದೆ. ರಜೆ ಇಲ್ಲದ ಕೆಲಸ ಇದು, ಬೇಜಾರಾಗದೆ ಇರುತ್ತದಾ? ಅಂಥ ದಿನ ಎಲ್ಲಾ ಸರಿಯಾಗಿ ಮಾಡುವ ಆಸೆ ಬಿಟ್ಟುಬಿಡು. ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಬೇಸಲ್ ಇನ್ಸುಲಿನ್ ತಗೋ, ಊಟ ಮಾಡಿದರೆ ಅದರದ್ದೂ ತಗೋ, ಲೋ ಆಗದ ಹಾಗೆ ನೋಡಿಕೋ. ಅಷ್ಟು ಸಾಕು. ಎಣಿಸುವುದನ್ನು, ನೆನಪು ಮಾಡುವುದನ್ನು ಆ ದಿನ ಅಮ್ಮನ ಕೈಗೆ ಕೊಡು. ಆದರೆ ಅವಳು 'ಎಷ್ಟಿದೆ' ಅಂತ ಕೇಳುವ ಮೊದಲು 'ಹೇಗಿದ್ದೀಯ' ಅಂತ ಕೇಳಬೇಕು. ಇದನ್ನು ನಾನೇ ಅವಳಿಗೆ ಹೇಳಿದ್ದೇನೆ, ಸ್ವಲ್ಪ ಜೋರಾಗಿಯೇ. ಬೇಜಾರು ವಾರಗಟ್ಟಲೆ ಬಿಡದಿದ್ದರೆ ಡಾಕ್ಟರಿಗೆ ಹೇಳು. ಅದಕ್ಕೂ ಸಹಾಯ ಮಾಡುವವರಿದ್ದಾರೆ.

ನಿನಗೆ ಕಾಯಿಲೆ ಬಂದು ಐದು ವರ್ಷ ಆಗುತ್ತಾ ಬಂತು. ಕಣ್ಣಿನ ರೆಟಿನಾ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಈಗ ಶುರು ಮಾಡಿಸು, ಆಮೇಲೆ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರ್ ಹೇಳುತ್ತಾರೆ. ಮೂತ್ರಪಿಂಡ ಹೇಗಿದೆ ಅಂತ ತಿಳಿಯೋಕೆ ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆಯೂ ವರ್ಷಕ್ಕೊಮ್ಮೆ ಆಗಲಿ. ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲಾ ಮಬ್ಬು, ಬೆಳಕು ಕುಕ್ಕುತ್ತದೆ. ಗಾಡಿ ತಗೊಂಡು ಒಬ್ಬಳೇ ಹೋಗಬೇಡ. ದಿನ ಗೊತ್ತಾದ ಕೂಡಲೇ ತಿಳಿಸು, ನಾನು ಜೊತೆಗೆ ಬರುತ್ತೇನೆ.

ಪ್ರೀತಿಯಿಂದ,
ದೊಡ್ಡಮ್ಮ