ಸುವರ್ಣಗಂಗೋತ್ರಿಯ ಪುಟ್ಟಿಗೆ ದೊಡ್ಡಪ್ಪನ ಕಾಗದ

ಮೈಸೂರು
9 ಮಾರ್ಚ್ 2025

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡಮ್ಮನ ಮಂಡಿ ನೋವು ಈಗ ಸ್ವಲ್ಪ ವಾಸಿ.

ನೀನು ಕಳಿಸಿದ ಫೋಟೋ ನೋಡಿದೆ. ಬಿಸಿಲಲ್ಲಿ ಸುವರ್ಣಗಂಗೋತ್ರಿಯ, ಅಂದರೆ ನಿಮ್ಮ ಚಾಮರಾಜನಗರ ವಿಶ್ವವಿದ್ಯಾಲಯದ ಗೇಟಿನ ಮುಂದೆ ‘ನಮ್ಮ ವಿವಿ ಉಳಿಸಿ’ ಅನ್ನುವ ರಟ್ಟು ಹಿಡಿದು ನಿಂತಿದ್ದೀಯ. ಅದನ್ನು ಮುಚ್ಚಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿಸುವ ಮಾತು ಸರ್ಕಾರದಲ್ಲಿ ನಡೆದಿದೆಯಲ್ಲ, ಅದಕ್ಕೆ. ಕೆಳಗೆ ಒಂದೇ ಸಾಲು: ‘ದೊಡ್ಡಪ್ಪ, ನೀವು ಯಾರ ಕಡೆ?’ ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿಂತುಹೋಗುತ್ತೆ. ಪರೀಕ್ಷಾ ವಿಭಾಗದಲ್ಲಿ 31 ವರ್ಷ ಕೂತವನು ನಾನು. ನನಗೆ ಗೊತ್ತಿರುವುದನ್ನು ಪೂರ್ತಿ ಹೇಳಿಬಿಡೋಣ ಅಂತ ಈ ಕಾಗದ.

ನಾನು ನಿನ್ನ ಕಡೆ. ಆ ರಟ್ಟಿನ ಮೇಲಿನ ಮಾತು ಮಾತ್ರ ಸ್ವಲ್ಪ ಬದಲಾಗಬೇಕು ಅಂತ ನನ್ನ ಆಸೆ.

ಮೊದಲು ನಿನ್ನ ಸೋದರತ್ತೆಯ ವಿಷಯ ಹೇಳುತ್ತೇನೆ. ನಿಮ್ಮಪ್ಪ ಇದನ್ನು ನಿನಗೆ ಹೇಳಿರಲಿಕ್ಕಿಲ್ಲ. 1988ರಲ್ಲಿ ಅವಳು ಬಿ.ಎ. ಮುಗಿಸಿದಳು, ಫಸ್ಟ್ ಕ್ಲಾಸು. ಎಂ.ಎ. ಓದಬೇಕು ಅಂತ ಬಹಳ ಆಸೆ ಇತ್ತು. ಆಗ ನಮ್ಮ ಕಡೆಯವರಿಗೆ ಎಂ.ಎ. ಅಂದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ. ‘ಅಷ್ಟು ದೂರ ಹೆಣ್ಣು ಹುಡುಗೀನ ಒಬ್ಬಳನ್ನೇ ಕಳಿಸಲ್ಲ’ ಅಂದರು ನಿಮ್ಮ ತಾತ. ನಾನಾಗ ಕೆಲಸದ ಮೇಲೆ ಬೇರೆ ಜಿಲ್ಲೆಯಲ್ಲಿದ್ದೆ. ಅಪ್ಪನಿಗೆ ಒಂದು ಮಾತು ಹೇಳಣ್ಣ ಅಂತ ಅವಳು ಇನ್‌ಲ್ಯಾಂಡ್ ಲೆಟರ್ ಬರೆದಳು. ಮಡಚುವ ಅಂಚಿನಲ್ಲೂ ಜಾಗ ಬಿಡದೆ, ಸಣ್ಣ ಅಕ್ಷರದಲ್ಲಿ. ನಾನು ಅಪ್ಪನಿಗೆ ಎದುರಾಡಬಾರದು ಅಂದುಕೊಂಡು ಸುಮ್ನೆ ಇದ್ದುಬಿಟ್ಟೆ. ಮುಂದಿನ ವೈಶಾಖದಲ್ಲಿ ಅವಳ ಮದುವೆ ಆಯಿತು. ಆ ಲೆಟರ್ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ.

ನೀನು ಎಂ.ಎ.ಗೆ ಸೇರಿದ ದಿನ ನನಗೆ ನೆನಪಾದದ್ದು ಅದೇ. ಬೆಳಗ್ಗೆ ಊಟದ ಡಬ್ಬಿ ಹಾಕಿಕೊಂಡು ಬಸ್ಸು ಹತ್ತುತ್ತೀಯ, ಮುಕ್ಕಾಲು ಗಂಟೆಯಲ್ಲಿ ಚಾಮರಾಜನಗರ. ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಮನೆ. ಅದೇ ಮೈಸೂರಾದರೆ ಚಾಮರಾಜನಗರದಿಂದ ಮತ್ತೆ 60 ಕಿಲೋಮೀಟರು. ಶಕ್ತಿ ಯೋಜನೆಯಲ್ಲಿ ನಿನಗೆ ಟಿಕೆಟ್ ದುಡ್ಡು ಇಲ್ಲ ನಿಜ. ಆದರೆ ದಿನಕ್ಕೆ ನಾಲ್ಕೂವರೆ ಗಂಟೆ ಬಸ್ಸಿನಲ್ಲೇ ಹೋದರೆ ಓದೋದು ಯಾವಾಗ? ಕತ್ತಲಾದ ಮೇಲೆ ಸ್ಟಾಪಿನಿಂದ ಮನೆಗೆ ಬರುವ ಆ ಅರ್ಧ ಮೈಲಿಗೆ ನಿಮ್ಮಮ್ಮ ದಿನಾ ಬಂದು ಕಾಯಬೇಕಲ್ವಾ? ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುವವರಿಗೆ ಈ ಅರ್ಧ ಮೈಲಿ ಕಾಣುವುದಿಲ್ಲ. ಅದನ್ನು ಅವರಿಗೆ ಕಾಣಿಸಬೇಕು. ನಿಮ್ಮ ಹೋರಾಟದ ಗಟ್ಟಿ ಮಾತು ಅದೇ ಅಂತ ನನಗನಿಸುತ್ತದೆ.

ಈಗ ಎದುರು ಕಡೆಯವರ ಮಾತನ್ನೂ ಕೇಳು. ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ನೇತೃತ್ವದ ಸಂಪುಟ ಉಪಸಮಿತಿ, ಹಿಂದಿನ ಸರ್ಕಾರ ಮಾಡಿದ 10 ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಉಳಿಸಿಕೊಂಡು ಬಾಕಿ 9ನ್ನು ಬೇಡ ಅಂದಿತು. ಹಾಸನ, ಹಾವೇರಿ, ಕೊಡಗು, ಕೊಪ್ಪಳ, ಬಾಗಲಕೋಟೆ ಎಲ್ಲವೂ ಆ ಪಟ್ಟಿಯಲ್ಲಿವೆ, ನಿಮ್ಮದೊಂದೇ ಅಲ್ಲ. ರಾಜಕೀಯ ಇಲ್ಲ ಅಂತ ನಾನು ಹೇಳಲ್ಲ. ಆದರೆ ದುಡ್ಡು, ಸೌಕರ್ಯ ಇಲ್ಲದೆ ವಿಶ್ವವಿದ್ಯಾಲಯ ನಡೆಯುವುದು ಹೇಗೆ ಅನ್ನುವ ಅವರ ಪ್ರಶ್ನೆಯಲ್ಲಿ ಹುರುಳಿದೆ. ಮಂಗಳೂರಿನದನ್ನು ನೋಡು. ಕೊಣಾಜೆಯಲ್ಲಿ 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಶುರುವಾಯಿತು. 12 ವರ್ಷ ಬೆಳೆದು, ಕೈಕಾಲು ಗಟ್ಟಿಯಾದ ಮೇಲೆ, 1980ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯ ಆಯಿತು. ನಿಮ್ಮದಕ್ಕೆ 2023ರಲ್ಲಿ ಕುಲಪತಿ ಬಂದರು, ಬೋರ್ಡು ಬಂತು. ಕಾಯಂ ಅಧ್ಯಾಪಕರ ಹುದ್ದೆ ಎಷ್ಟು ಬಂತು? ನೀನೇ ಹೇಳಿದ್ದೀಯ, ನಿಮಗೆ ಪಾಠ ಮಾಡುವವರಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 12-ಬಿ ಮಾನ್ಯತೆ ಸಿಗದಿದ್ದರೆ ಯುಜಿಸಿಯ ಅನುದಾನ ಸಿಗುವುದಿಲ್ಲ. ಇನ್ನು ಒಂದು ವಿಶ್ವವಿದ್ಯಾಲಯದ ಕೈಗೆ ನಾಲ್ಕು ಕಾಸು ಬರುವುದು ಪರೀಕ್ಷಾ ಶುಲ್ಕ ಮತ್ತು ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕದಿಂದ. ಒಂದು ಸಣ್ಣ ಜಿಲ್ಲೆಯ ಕಾಲೇಜುಗಳಿಂದ ಎಷ್ಟು ಬರುತ್ತೆ ಹೇಳು.

ಹಾಗಂತ ಮೈಸೂರಿಗೆ ಸೇರಿಸಿದರೆ ಎಲ್ಲ ಸರಿಹೋಗುತ್ತೆ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. 1916ರಲ್ಲಿ ನಾಲ್ವಡಿಯವರು ಕಟ್ಟಿದ ಸಂಸ್ಥೆ ಅದು, ಅದರ ಮೇಲೆ ನನಗೆ ಬಹಳ ಗೌರವ. ಆದರೆ ರಾಜ್ಯದ ಹಳೇ ವಿಶ್ವವಿದ್ಯಾಲಯಗಳು ಈಗ ಪಿಂಚಣಿಗೇ ದುಡ್ಡು ಹೊಂದಿಸಲು ಒದ್ದಾಡುತ್ತಿವೆ. ಹೊಸ ವಿಶ್ವವಿದ್ಯಾಲಯಗಳು ಆದಾಗ ಕಾಲೇಜುಗಳು ಅತ್ತ ಹೋದವು, ಶುಲ್ಕವೂ ಅತ್ತ ಹೋಯಿತು, ಪಿಂಚಣಿಯ ಭಾರ ಮಾತ್ರ ಇಲ್ಲೇ ಉಳಿಯಿತು. ಹುದ್ದೆ ಖಾಲಿ ಇರುವುದು ಅಲ್ಲೂ ಇದೆ. ಇಬ್ಬರು ಬಡವರು ಒಂದೇ ಮನೆಗೆ ಬಂದರೆ ಒಲೆ ಒಂದು ಉಳಿಯುತ್ತೆ, ಅಕ್ಕಿ ಜಾಸ್ತಿ ಆಗಲ್ಲ. ಸರ್ಕಾರ ದುಡ್ಡು ಹಾಕದೆ ಬರೀ ಸೇರಿಸಿದರೆ ಉಳಿಯುವುದು ಒಬ್ಬ ಕುಲಪತಿ, ಒಬ್ಬಿಬ್ಬರು ಕುಲಸಚಿವರ ಖರ್ಚು ಅಷ್ಟೇ.

ನನಗೆ ನಿಜವಾಗಿ ಭಯ ಇರುವುದು ದಾಖಲೆಗಳ ಬಗ್ಗೆ. ನಾನು ಸರ್ವೀಸಿನಲ್ಲಿದ್ದಾಗ ಒಂದು ಕಡೆ, ಎಲ್ಲಿ ಅಂತ ಬೇಡ, ಕೆಲವು ಕಾಲೇಜುಗಳನ್ನು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗ ಮಾಡಿದರು. ಒಬ್ಬ ಹುಡುಗ, ರೈತರ ಮನೆಯವನು, ಮೊದಲೆರಡು ವರ್ಷ ಹಳೇ ಕಡೆ ಪಾಸು, ಮೂರನೇ ವರ್ಷ ಹೊಸ ಕಡೆ. ಕೆಲಸದ ದಾಖಲೆ ಪರಿಶೀಲನೆಗೆ ಮೂರೂ ವರ್ಷದ ಒಟ್ಟು ಅಂಕಪಟ್ಟಿ ಬೇಕಿತ್ತು. ಇಲ್ಲಿ ಕೇಳಿದರೆ ಅಲ್ಲಿ ಅನ್ನುತ್ತಿದ್ದರು, ಅಲ್ಲಿ ಕೇಳಿದರೆ ಇಲ್ಲಿ. ನಾಲ್ಕನೇ ಸಲ ಬಂದಾಗ ಅವನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ಪಿನ್ನು ಚುಚ್ಚಿಕೊಂಡಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು ದಾಖಲೆ ಕೋಣೆಗೆ ಹೋದೆ. ನೆಲದ ಮೇಲೆ ಕಟ್ಟು ಕಟ್ಟಾಗಿ ಲೆಡ್ಜರು. ಮೂರನೇ ದಿನ ಸಿಕ್ಕಿತು. ಖಾಕಿ ಬಟ್ಟೆಯ ಬೈಂಡು, ಅಂಚನ್ನೆಲ್ಲ ಗೆದ್ದಲು ತಿಂದಿತ್ತು. ಅವನ ರಿಜಿಸ್ಟರ್ ನಂಬರಿನ ಸಾಲು ಮಾತ್ರ ಉಳಿದಿತ್ತು, ಅರ್ಥಶಾಸ್ತ್ರದಲ್ಲಿ 58. ಪಟ್ಟಿ ಬರೆಸಿ, ಸಹಿ ಹಾಕಿಸಿ ಕೊಟ್ಟೆ. ಅಷ್ಟರಲ್ಲಿ ಪರಿಶೀಲನೆಯ ದಿನ ಮುಗಿದು ಆರು ದಿನ ಆಗಿತ್ತು. ಅವನು ನನಗೆ ಕೈ ಮುಗಿದು ಹೋದ. ನಾನು ಮಾಡಿದ್ದು ಏನೂ ಸಾಲದು ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಕಂಪ್ಯೂಟರು ಬಂದಿದೆ, ಪ್ರವೇಶ, ಪರೀಕ್ಷೆ, ಅಂಕ ಎಲ್ಲ ಒಂದೇ ಕಡೆ ನೋಡುವ ರಾಜ್ಯದ ಯುಯುಸಿಎಂಎಸ್ ತಂತ್ರಾಂಶ ಇದೆ, ಡಿಜಿಲಾಕರ್ ಇದೆ. ಆದರೂ ಬ್ಯಾಕ್‌ಲಾಗ್ ಇರುವವರು, ಹೆಸರಿನ ಒಂದಕ್ಷರ ತಪ್ಪಾಗಿರುವವರು, ಮರುಮೌಲ್ಯಮಾಪನಕ್ಕೆ ಹಾಕಿದವರು ಯಾವ ಬಾಗಿಲಿಗೆ ಹೋಗಬೇಕು ಅಂತ ಯಾರಾದರೂ ಹೇಳಿದ್ದಾರಾ? ಆ ಪ್ರಶ್ನೆಯನ್ನು ನೀವು ಕೇಳಬೇಕು.

ಇನ್ನೊಂದು ವಿಷಯ ನಿಮ್ಮ ಜೊತೆಯವರಿಗೂ ತಿಳಿಸು. ವಿಶ್ವವಿದ್ಯಾಲಯವನ್ನು ಒಂದು ಸುತ್ತೋಲೆ ಹೊರಡಿಸಿ ಮುಚ್ಚುವುದಕ್ಕೆ ಆಗುವುದಿಲ್ಲ. ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000, ಅದಕ್ಕೆ ತಿದ್ದುಪಡಿ ತಂದೇ ನಿಮ್ಮದನ್ನು ಮಾಡಿದ್ದು. ತೆಗೆಯಬೇಕಾದರೂ ತಿದ್ದುಪಡಿ ಬರಬೇಕು, ಎರಡೂ ಸದನ ದಾಟಬೇಕು. ಅಂದರೆ ನಿಮಗೆ ಹೊತ್ತಿದೆ. ಬಜೆಟ್ ಅಧಿವೇಶನ ಈಗ ನಡೆಯುತ್ತಿದೆ. ನಿಮ್ಮ ಶಾಸಕರು ಯಾವ ಪಕ್ಷವಾದರೂ ಇರಲಿ, ಹೋಗಿ ಮನವಿ ಕೊಡಿ. ಘೋಷಣೆ ಕೂಗಿದ್ದು ಸಾಯಂಕಾಲಕ್ಕೆ ಆರಿಹೋಗುತ್ತೆ. ಸ್ವೀಕೃತಿ ಮುದ್ರೆ ಬಿದ್ದ ಕಾಗದ ಫೈಲಿನಲ್ಲಿ ಕೂತಿರುತ್ತೆ, ಅದಕ್ಕೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತೆ.

ಮನವಿಯಲ್ಲಿ ಏನು ಬರೆಯಬೇಕು? ‘ವಿಲೀನ ಬೇಡ’ ಅಂತ ಬರೆಯಿರಿ, ನಾನು ತಡೆಯಲ್ಲ. ಅಲ್ಲಿಗೇ ನಿಲ್ಲಿಸಬೇಡಿ. ಸುವರ್ಣಗಂಗೋತ್ರಿ ವಿಶ್ವವಿದ್ಯಾಲಯ ಆಗುವ ಮೊದಲೂ ಇತ್ತು, ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿ. ಬೋರ್ಡು ಇಳಿದರೂ ತರಗತಿ ನಿಲ್ಲಬೇಕಾಗಿಲ್ಲ. ಹಾಗಾಗಿ ಒಂದು ವೇಳೆ ಸೇರಿಸಿದರೂ ಈಗಿರುವ ಒಂದು ಕೋರ್ಸನ್ನೂ ಇಲ್ಲಿಂದ ಎತ್ತಬಾರದು ಅನ್ನುವುದು ಕಾನೂನಿನಲ್ಲೇ ಬರಲಿ ಅಂತ ಕೇಳಿ. ಪರೀಕ್ಷೆ ಮತ್ತು ಅಂಕಪಟ್ಟಿಯ ಒಂದು ಕೌಂಟರು, ಸಹಿ ಹಾಕುವ ಅಧಿಕಾರ ಇರುವ ಒಬ್ಬ ಅಧಿಕಾರಿ, ಚಾಮರಾಜನಗರದಲ್ಲೇ ಇರಬೇಕು. ಈಗ ಸೇರಿರುವವರ ಡಿಗ್ರಿ ಯಾರ ಹೆಸರಿನಲ್ಲಿ ಅಂತ ಸ್ಪಷ್ಟ ಮಾಡಬೇಕು. ಅತಿಥಿ ಉಪನ್ಯಾಸಕರನ್ನು ವರ್ಷದ ನಡುವೆ ಬಿಡಿಸಬಾರದು. ಪೂರ್ತಿ ಬೇಡಿಕೆ ಮಾತ್ರ ಇಟ್ಟು, ಅದು ಬಿದ್ದುಹೋದರೆ ಕೈಯಲ್ಲಿ ಏನೂ ಉಳಿಯದ ಹಾಗೆ ಆಗುವುದು ಬೇಡ.

ಅತಿಥಿ ಉಪನ್ಯಾಸಕರನ್ನು ಮೆರವಣಿಗೆಗೆ ಬನ್ನಿ ಅಂತ ಒತ್ತಾಯ ಮಾಡಬೇಡ, ಮಗಳೇ. ಅವರ ಗೌರವಧನ ವರ್ಷ ವರ್ಷ ಯಾರೋ ಹಾಕುವ ಸಹಿಯ ಮೇಲೆ ನಿಂತಿದೆ. ಅವರ ಪರವಾಗಿ ನೀವು ಮಾತಾಡಿ.

ಮೈಸೂರಿನ ವಿದ್ಯಾರ್ಥಿಗಳ ಮೇಲೂ ಕಟುಮಾತು ಬೇಡ. ವಾಟ್ಸಾಪಿನಲ್ಲಿ ನಿಮ್ಮ ಹುಡುಗರು ಬರೆದದ್ದನ್ನು ನೀನೇ ತೋರಿಸಿದೆ, ನನಗೆ ಬೇಜಾರಾಯಿತು. ನಿನ್ನ ಬಿ.ಎ. ಪದವಿಯ ಮೇಲೆ ಮೈಸೂರಿನ ಮುದ್ರೆ ಇದೆ ಅಲ್ವಾ? ನಾಳೆ ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂರಬೇಕಾಗಿ ಬರಬಹುದು.

ಇನ್ನು ನಿನ್ನ ಸ್ವಂತ ಕೆಲಸ. ಧರಣಿ ಇರಲಿ, ಇಲ್ಲದಿರಲಿ, ಹಾಜರಾತಿ ಬಿಡಬೇಡ, ಆಂತರಿಕ ಪರೀಕ್ಷೆ ತಪ್ಪಿಸಬೇಡ. ಪ್ರವೇಶದ ರಸೀದಿ, ಪರೀಕ್ಷಾ ಶುಲ್ಕದ ಚಲನ್, ಹಾಲ್ ಟಿಕೆಟ್, ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಬಿ.ಎ.ಯ ಕಾಗದಗಳು ಎಲ್ಲ ಒಂದೇ ಫೈಲಿಗೆ ಹಾಕು. ಎಲ್ಲದಕ್ಕೂ ಎರಡು ಜೆರಾಕ್ಸ್. ಒಂದು ಸೆಟ್ ನನಗೆ ಕೊಡು, ನನ್ನ ಟ್ರಂಕಿನಲ್ಲಿ ಜಾಗ ಇದೆ. ಅಂಕಪಟ್ಟಿಯಲ್ಲಿ ನಿನ್ನ ಹೆಸರು, ಅಪ್ಪನ ಹೆಸರು ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇದ್ದ ಹಾಗೇ ಇದೆಯಾ ಅಂತ ಅಕ್ಷರ ಅಕ್ಷರ ನೋಡು. ತಪ್ಪಿದ್ದರೆ ಈಗಲೇ ಸರಿ ಮಾಡಿಸು. ಈಗ ಕಚೇರಿ ಅಲ್ಲೇ ಇದೆ, ಕೇಳುವುದಕ್ಕೆ ಜನ ಇದ್ದಾರೆ.

ಯುಗಾದಿ 30ನೇ ತಾರೀಕು. ನಾನು, ದೊಡ್ಡಮ್ಮ ಹಿಂದಿನ ದಿನವೇ ಊರಿಗೆ ಬರುತ್ತೇವೆ. ನಿನ್ನ ಸೋದರತ್ತೆಗೂ ಫೋನ್ ಮಾಡಿದ್ದೆ, ನಿನ್ನ ಫೋಟೋ ಕಳಿಸಿದ್ದೆ. ತುಂಬ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ‘ನಾನೂ ಬರ್ತೀನಣ್ಣ’ ಅಂದಳು. ಮನವಿಯ ಕರಡು ಬರೆದಿಟ್ಟಿರು. ಒಬ್ಬಟ್ಟಿನ ಊಟ ಆದ ಮೇಲೆ ಜಗಲಿಯಲ್ಲಿ ಕೂತು ನೋಡೋಣ. ಅವಳ ಅಕ್ಷರ ಈಗಲೂ ಮುತ್ತಿನ ಹಾಗಿದೆ, ಶುದ್ಧ ಪ್ರತಿ ಅವಳ ಕೈಲೇ ಬರೆಸು.

ಇಂತಿ ನಿನ್ನ
ದೊಡ್ಡಪ್ಪ