ಮಾರುವಾಗ ಡೈಮಂಡ್, ವಾಪಸ್ ತಂದಾಗ ಲ್ಯಾಬ್ ಗ್ರೋನ್

ದಿನಾಂಕ: 12 ಜನವರಿ 2026

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಚಿನ್ನ ಮತ್ತು ವಜ್ರಾಭರಣ ಮಳಿಗೆ, ಬೆಂಗಳೂರು

ವಿಷಯ: 2024ರ ಮೇ ತಿಂಗಳಲ್ಲಿ ನಿಮ್ಮಲ್ಲಿ ಕೊಂಡ ಏಳು ಕಲ್ಲಿನ ವಜ್ರದ ಓಲೆಯ ಕಲ್ಲುಗಳು ಲ್ಯಾಬ್‌ನಲ್ಲಿ ಬೆಳೆಸಿದವು ಎಂದು ತಿಳಿಸದೆ ಮಾರಿದ ಬಗ್ಗೆ ದೂರು

ಮಾನ್ಯರೇ,

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಕೊಟ್ಟಿದ್ದು ನಕಲಿ ಕಲ್ಲು ಅಂತ ನಾನು ದೂರುತ್ತಿಲ್ಲ. ಫೋನಿನಲ್ಲಿ ನಿಮ್ಮ ಮ್ಯಾನೇಜರ್ ಮೂರು ಸಲ "ಅಮ್ಮಾ, ಅದು ಅಮೆರಿಕನ್ ಡೈಮಂಡ್ ಅಲ್ಲ, ಒರಿಜಿನಲ್ ಡೈಮಂಡೇ" ಎಂದು ಸಮಾಧಾನ ಮಾಡಿದರು. ನನಗೂ ಗೊತ್ತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಪೆನ್ಸಿಲ್ ಕಡ್ಡಿಯೂ ಇಂಗಾಲ, ವಜ್ರವೂ ಇಂಗಾಲ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿದೆ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ವಜ್ರವೇ. ನನ್ನ ದೂರು ಇರುವುದು ನೀವು ಹೇಳದೇ ಬಿಟ್ಟ ಮಾತಿನ ಬಗ್ಗೆ.

ಮಗಳ ಮದುವೆಗೆ ಓಲೆ ಕೊಳ್ಳಲು ನಾನು, ಮಗಳು, ನನ್ನ ನಾದಿನಿ ಮೂವರೂ ನಿಮ್ಮ ಮಳಿಗೆಗೆ ಬಂದಿದ್ದೆವು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಏಳು ಕಲ್ಲಿನ ಓಲೆ ಹಾಕಿ ಕಳಿಸುವುದು ರೂಢಿ. ನನ್ನಮ್ಮ ನನಗೆ ಹಾಕಿದ್ದರು, ಅಮ್ಮನಿಗೆ ಅವರಮ್ಮ. ನಿಮ್ಮ ಕೌಂಟರಿನ ಹುಡುಗ ಬಹಳ ಮರ್ಯಾದೆಯವನು, ಅದನ್ನು ಇಲ್ಲ ಅನ್ನುವುದಿಲ್ಲ. ಕಾಫಿ ತರಿಸಿದ. ಕಪ್ಪು ಮಖಮಲ್ ತಟ್ಟೆಯ ಮೇಲೆ ನಾಲ್ಕು ಜೊತೆ ಇಟ್ಟ. ಮಗಳು ಒಂದನ್ನು ಕೈಗೆತ್ತಿಕೊಂಡಾಗ ನಾನು ಕೇಳಿದೆ, "ಇದು ಒರಿಜಿನಲ್ ತಾನೇ ಅಪ್ಪಾ?" ಅವನು ಜೇಬಿನಿಂದ ಪೆನ್ನಿನಂಥ ಟೆಸ್ಟರ್ ತೆಗೆದು ನಡುವಿನ ಕಲ್ಲಿಗೆ ಮುಟ್ಟಿಸಿದ. ಕೆಂಪು ದೀಪ ಹತ್ತಿ ಅದು ಕುಂಯ್ ಎಂದಿತು. "ನೋಡಿ ಮೇಡಂ, ಕೂಗ್ತು. ನೂರಕ್ಕೆ ನೂರು ಡೈಮಂಡ್" ಅಂದ. ಹಾಲ್‌ಮಾರ್ಕ್ ಮುದ್ರೆಯನ್ನೂ ಭೂತಗನ್ನಡಿಯಲ್ಲಿ ತೋರಿಸಿದ.

ಆ ಪೆನ್ನು ನೋಡುವುದು ಕಲ್ಲು ಎಷ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ ಎನ್ನುವುದನ್ನು. ಗಣಿಯ ವಜ್ರವೂ ಎಳೆದುಕೊಳ್ಳುತ್ತದೆ, ಲ್ಯಾಬ್ ವಜ್ರವೂ ಎಳೆದುಕೊಳ್ಳುತ್ತದೆ. ಎರಡಕ್ಕೂ ಅದು ಕೂಗಲೇಬೇಕು. ಅಮೆರಿಕನ್ ಡೈಮಂಡ್‌ಗೆ ಮಾತ್ರ ಕೂಗುವುದಿಲ್ಲ. ಹಾಲ್‌ಮಾರ್ಕ್ ಅಂತೂ ಚಿನ್ನದ್ದು. 750 ಎಂದರೆ 18 ಕ್ಯಾರೆಟ್ ಚಿನ್ನ, ಆರು ಅಕ್ಷರದ ಎಚ್‌ಯುಐಡಿ ಎಂದರೆ ಆ ಚಿನ್ನದ ಗುರುತು. ಕಲ್ಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಷ್ಟೆಲ್ಲ ಗೊತ್ತಿರಬೇಕಾದ ವಿಜ್ಞಾನದ ಟೀಚರ್ ಅವತ್ತು ಆ ಕುಂಯ್ ಶಬ್ದಕ್ಕೆ ಮರುಳಾಗಿ ಕೂತಿದ್ದಳು. ನಗುವುದಿದ್ದರೆ ನಗಿ, ಮನೆಯಲ್ಲಿ ಆಗಲೇ ಎಲ್ಲರೂ ನಕ್ಕಾಗಿದೆ.

ಬಿಲ್ಲಿನ ಲೆಕ್ಕ ಹೀಗಿದೆ. ಹದಿನಾಲ್ಕು ಕಲ್ಲು, ಒಂದೊಂದು ಹತ್ತು ಸೆಂಟ್, ಒಟ್ಟು 1.40 ಕ್ಯಾರೆಟ್. ಕ್ಯಾರೆಟ್‌ಗೆ 1,05,000ದಂತೆ ಕಲ್ಲಿಗೆ 1,47,000 ರೂಪಾಯಿ. 7.2 ಗ್ರಾಂ ಚಿನ್ನಕ್ಕೆ 39,240. ಮಜೂರಿ 7,200. ಶೇ 3 ಜಿಎಸ್‌ಟಿ ಸೇರಿ 1,99,243. 1.40 ಕ್ಯಾರೆಟ್ ಎಂದರೆ ಗ್ರಾಂ ಲೆಕ್ಕದಲ್ಲಿ 0.28. ಹತ್ತು ಹನ್ನೆರಡು ಅಕ್ಕಿಕಾಳಿನ ತೂಕಕ್ಕೆ ಒಂದೂವರೆ ಲಕ್ಷದ ಹತ್ತಿರ ಕೊಟ್ಟೆವು. ಗಣಿಯ ವಜ್ರ ಅಂದುಕೊಂಡೇ ಕೊಟ್ಟೆವು. ಬಿಲ್ಲಿನಲ್ಲಿ ವಿವರ ಎಂಬಲ್ಲಿ ಇರುವುದು "ಡೈಮಂಡ್ ಓಲೆ" ಎಂದಷ್ಟೇ.

ಹೋದ ಡಿಸೆಂಬರ್‌ನಲ್ಲಿ ಮಗಳು ಓಲೆ ಕೊಟ್ಟು ಸ್ವಲ್ಪ ದೊಡ್ಡ ಕಲ್ಲಿನದು ತೆಗೆದುಕೊಳ್ಳೋಣ ಎಂದು ನಿಮ್ಮಲ್ಲಿಗೆ ಬಂದಳು. ಕೊಳ್ಳುವಾಗ ವಜ್ರಕ್ಕೆ ಶೇ 90 ಎಕ್ಸ್‌ಚೇಂಜ್ ಎಂದು ಬಾಯಲ್ಲಿ ಹೇಳಿದ್ದಿರಿ. ಈಗ ಕೌಂಟರಿನಲ್ಲಿ ಕಂಪ್ಯೂಟರ್ ನೋಡಿ, "ಇದು ಲ್ಯಾಬ್ ಗ್ರೋನ್, ಕಲ್ಲಿಗೆ ಎಕ್ಸ್‌ಚೇಂಜ್ ಇಲ್ಲ, ಚಿನ್ನದ ರೇಟ್ ಮಾತ್ರ ಕೊಡುತ್ತೇವೆ" ಅಂದರು. ಎಲ್ಲಿ ಬರೆದಿದೆ ಎಂದು ಕೇಳಿದ್ದಕ್ಕೆ ಬಿಲ್ಲಿನ ಐಟಂ ಕೋಡ್ ತೋರಿಸಿದರು. ಹದಿಮೂರು ಅಕ್ಷರ, ಅಂಕಿಗಳ ಸಾಲಿನ ನಡುವೆ "ಎಲ್‌ಜಿಡಿ" ಎಂಬ ಮೂರು ಅಕ್ಷರ. ಇರುವೆ ಗಾತ್ರದ್ದು. ಅದನ್ನು ನಾವು ಲ್ಯಾಬ್ ಗ್ರೋನ್ ಡೈಮಂಡ್ ಎಂದು ಬಿಡಿಸಿ ಓದಿಕೊಳ್ಳಬೇಕಿತ್ತಂತೆ! ಮಾರುವಾಗ ನಿಮ್ಮ ಬಾಯಲ್ಲಿ ಡೈಮಂಡ್, ವಾಪಸ್ ತಂದಾಗ ನಿಮ್ಮ ಕಂಪ್ಯೂಟರಿನಲ್ಲಿ ಲ್ಯಾಬ್ ಗ್ರೋನ್. ಕಂಪ್ಯೂಟರಿಗೆ ಮೊದಲ ದಿನವೇ ಗೊತ್ತಿತ್ತು ಅಲ್ವಾ?

ನಿಮ್ಮ ಕಂಪ್ಯೂಟರಿನ ಮಾತನ್ನೇ ನಂಬಿ ಕೂರಬಾರದು ಎಂದು ಚಿಕ್ಕಪೇಟೆಯಲ್ಲಿ ಕಲ್ಲು ಪರೀಕ್ಷೆ ಮಾಡುವವರೊಬ್ಬರ ಹತ್ತಿರ ಹೋದೆ. ಜೊತೆಗೆ ಅಮ್ಮನ ಹಳೇ ಓಲೆಯನ್ನೂ ಒಯ್ದಿದ್ದೆ. ನಮ್ಮೂರು ಬಳ್ಳಾರಿ. ಪಕ್ಕದ ಅನಂತಪುರದ ವಜ್ರಕರೂರು ಕಡೆ ಮಳೆ ಬಿದ್ದ ಮೇಲೆ ಜನ ಈಗಲೂ ಹೊಲದಲ್ಲಿ ಬಗ್ಗಿ ವಜ್ರ ಹುಡುಕುತ್ತಾರೆ. ತನ್ನ ಓಲೆಯ ಕಲ್ಲೂ ಅಲ್ಲಿನದೇ ಎಂದು ಅಮ್ಮ ಹೇಳುತ್ತಿದ್ದರು. ನಿಜವೋ ಸುಮ್ನೆ ಜಂಭವೋ ದೇವರೇ ಬಲ್ಲ. ಓಲೆಯಂತೂ ಅವರ ಮದುವೆಯದು, 1962ರದ್ದು.

ಕಲ್ಲು ಪರೀಕ್ಷಿಸುವ ಆ ಚಿಕ್ಕಪೇಟೆ ಯಜಮಾನರ ಮೆಷಿನ್ನಿಗೂ ಪೆನ್ನಿನಂಥ ಕಡ್ಡಿಯೇ ಇತ್ತು. ಆದರೆ ಅದು ಶಾಖ ನೋಡುವುದಲ್ಲ, ಅತಿನೇರಳೆ ಬೆಳಕಿಗೆ ಕಲ್ಲು ಹೇಗೆ ಸ್ಪಂದಿಸುತ್ತದೆ ಎಂದು ನೋಡುವುದು. ನೆಲದಡಿ ನೂರಾರು ಕಿಲೋಮೀಟರ್ ಆಳದಲ್ಲಿ ಕೋಟ್ಯಂತರ ವರ್ಷ ಬೆಂದ ವಜ್ರದಲ್ಲಿ ನೈಟ್ರೋಜನ್ ಪರಮಾಣುಗಳು ನಿಧಾನಕ್ಕೆ ಸರಿದು ಗುಂಪು ಕಟ್ಟಿರುತ್ತವೆ, ಮೆಷಿನ್ ಹುಡುಕುವುದು ಆ ಗುಂಪಿನ ಗುರುತನ್ನೇ. ಲ್ಯಾಬ್‌ನ ಡಬ್ಬಿಯಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಅನಿಲ ಕಾಯಿಸಿ, ತೆಳು ವಜ್ರದ ಚೂರಿನ ಮೇಲೆ ಪದರ ಪದರವಾಗಿ ಇಂಗಾಲ ಕೂರಿಸಿದ ಕಲ್ಲಿಗೆ ಕೆಲವು ವಾರಗಳ ವಯಸ್ಸು ಅಷ್ಟೇ. ಗುಂಪು ಕಟ್ಟಲು ಪುರಸೊತ್ತಿಲ್ಲ. ಬರಿಗಣ್ಣಿಗೆ, ಭೂತಗನ್ನಡಿಗೆ ಇದು ಕಾಣುವುದೇ ಇಲ್ಲ. ಹೊಳಪೂ ಒಂದೇ, ಗಟ್ಟಿತನವೂ ಒಂದೇ.

ಅವರು ಮಗಳ ಓಲೆಯ ಕಲ್ಲುಗಳಿಗೆ ಒಂದೊಂದಾಗಿ ಕಡ್ಡಿ ಮುಟ್ಟಿಸಿದರು. ರೆಫರ್. ರೆಫರ್. ರೆಫರ್. ಹದಿನಾಲ್ಕೂ ಕೆಂಪು. ಅಮ್ಮನ ಓಲೆಗೆ ಪಾಸ್, ಪಾಸ್, ಹದಿಮೂರು ಪಾಸ್. ಒಂದು ಮಾತ್ರ ರೆಫರ್! ನನ್ನ ಎದೆ ಧಸಕ್ಕೆಂದಿತು. ಯಜಮಾನರು ನಕ್ಕರು. "ರೆಫರ್ ಅಂದರೆ ಲ್ಯಾಬ್ ಅಂತ ಅಲ್ಲಮ್ಮ, ದೊಡ್ಡ ಮೆಷಿನ್ನಿಗೆ ಕಳಿಸಿ ಅಂತ. ನೈಟ್ರೋಜನ್ ಇಲ್ಲದ ಗಣಿ ವಜ್ರ ಅಪರೂಪಕ್ಕೆ ಸಿಗುತ್ತೆ. ಅದಕ್ಕೇ ಈ ಮೆಷಿನ್ ನಂಬಿ ಯಾರ ಜೊತೆಗೂ ಜಗಳಕ್ಕೆ ಹೋಗಬೇಡಿ" ಅಂದರು. ಹಾಗಾಗಿ ಎರಡನ್ನೂ ರತ್ನ ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟೆ. ಅಮ್ಮನ ಹದಿನಾಲ್ಕೂ ನೈಸರ್ಗಿಕ. ಮಗಳ ಹದಿನಾಲ್ಕೂ ಲ್ಯಾಬ್‌ನಲ್ಲಿ ಬೆಳೆಸಿದ್ದು, ಸಿವಿಡಿ ವಿಧಾನ, ಅಂದರೆ ಮೇಲೆ ಹೇಳಿದ ಅನಿಲ ಕಾಯಿಸುವ ವಿಧಾನ. ವರದಿಯ ಪ್ರತಿ, ಬಿಲ್ಲಿನ ಪ್ರತಿ ಮತ್ತು ನೀವೇ ಅಚ್ಚು ಹಾಕಿಸಿ ಕೊಟ್ಟ "ಗ್ಯಾರಂಟಿ ಕಾರ್ಡ್" ಇದರೊಂದಿಗೆ ಲಗತ್ತಿಸಿದ್ದೇನೆ. ಆ ಕಾರ್ಡಿನಲ್ಲಿ ಬಣ್ಣ ಇಎಫ್, ಶುದ್ಧತೆ ವಿವಿಎಸ್ ಎಂದು ದರ್ಜೆಗಳೆಲ್ಲ ಇವೆ. ಹುಟ್ಟಿದ್ದು ಎಲ್ಲಿ ಎಂಬುದೊಂದು ಇಲ್ಲ.

ಲ್ಯಾಬ್ ವಜ್ರ ಅಂದರೆ ನನಗೆ ತಾತ್ಸಾರ ಇಲ್ಲ. ನನ್ನ ತಂಗಿಯ ಸೊಸೆ ಕಳೆದ ವರ್ಷ ಗೊತ್ತಿದ್ದೇ ಲ್ಯಾಬ್ ಗ್ರೋನ್ ಉಂಗುರ ಕೊಂಡಳು. ಒಂದು ಕ್ಯಾರೆಟ್ಟಿನ ಒಂಟಿ ಕಲ್ಲು, ಪ್ರಮಾಣಪತ್ರದ ನಂಬರೇ "ಎಲ್‌ಜಿ" ಎಂದು ಶುರುವಾಗುತ್ತದೆ, ಕಲ್ಲಿನ ಅಂಚಿನ ಮೇಲೂ ಲೇಸರ್‌ನಲ್ಲಿ ಅದೇ ಬರೆದಿದೆ. ದಿನಾ ಹಾಕಿಕೊಂಡು ಆಫೀಸಿಗೆ ಹೋಗುತ್ತಾಳೆ. ಗಣಿಯ ಒಂದು ಕ್ಯಾರೆಟ್ ಅವಳ ಸಂಬಳಕ್ಕೆ ನಿಲುಕುತ್ತಿರಲಿಲ್ಲ. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಆಗಿನ ಅಧ್ಯಕ್ಷರ ಪತ್ನಿಗೆ ಕೊಟ್ಟದ್ದೂ 7.5 ಕ್ಯಾರೆಟ್ಟಿನ ಲ್ಯಾಬ್ ವಜ್ರವೇ. ಹೇಳಿ ಮಾರಿದರೆ ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ನೀವು ಮುಚ್ಚಿಟ್ಟಿದ್ದು ರೇಟಿನ ಕಾರಣಕ್ಕೆ, ಬೇರೆ ಕಾರಣ ನನಗಂತೂ ಕಾಣುತ್ತಿಲ್ಲ.

ರೇಟಿನ ಮಾತು ಬಂತಲ್ಲ. ಮಗಳು ಬಂದ ದಿನವೇ ನಿಮ್ಮ ಮೊದಲ ಮಹಡಿಯ ಲ್ಯಾಬ್ ಗ್ರೋನ್ ಕೌಂಟರಿನಲ್ಲಿ ಇದೇ ಗಾತ್ರದ ಕಲ್ಲಿಗೆ ಕ್ಯಾರೆಟ್‌ಗೆ 28,000 ಹೇಳಿದರು. ನಮ್ಮಿಂದ ತೆಗೆದುಕೊಂಡಿದ್ದು 1,05,000. ಒಂದೂವರೆ ವರ್ಷದಲ್ಲಿ ರೇಟ್ ಇಳಿದಿದೆ ಎಂದು ನಿಮ್ಮ ಮ್ಯಾನೇಜರ್ ಹೇಳಿದರು. ಒಪ್ಪಿದೆ, ಇಳಿದಿದೆ. ಗಣಿ ವಜ್ರದ ದೊಡ್ಡ ಕಂಪನಿ ಡಿ ಬೀರ್ಸ್ 2018ರಲ್ಲಿ ತಾನೇ ಲ್ಯಾಬ್ ವಜ್ರ ತಂದು ಕ್ಯಾರೆಟ್‌ಗೆ 800 ಡಾಲರ್ ಎಂದು ಮಾರತೊಡಗಿತ್ತು. ಬೆಲೆ ಕುಸಿಯುತ್ತಾ ಹೋಗಿ 2025ರಲ್ಲಿ ಆ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ಮೆಷಿನ್ ಹೆಚ್ಚಿದಷ್ಟೂ ಕಲ್ಲು ಜಾಸ್ತಿ, ಬೆಲೆ ಕಡಿಮೆ. ಹಾಗೆ ಇಳಿಯುವ ಮಾಲು ಎಂದು ಗೊತ್ತಿದ್ದರೆ ತಾಯಿಯಿಂದ ಮಗಳಿಗೆ ಹೋಗುವ ಓಲೆಗೆ ನಾನು ಅದನ್ನು ಆರಿಸುತ್ತಿದ್ದೆನಾ? ಆರಿಸುತ್ತಿದ್ದೆನೋ ಏನೋ, ಆದರೆ ಕಾಲು ಭಾಗದ ದುಡ್ಡಿಗೆ. ಆ ಲೆಕ್ಕ ಹಾಕುವ ಹಕ್ಕು ನನ್ನದಾಗಿತ್ತು.

ಸುಮ್ಮನೆ "ಡೈಮಂಡ್" ಎಂದರೆ ಗಣಿಯದು, ಲ್ಯಾಬ್‌ನದಾದರೆ ಲ್ಯಾಬ್‌ನದು ಎಂದು ಬಿಡಿಸಿ ಹೇಳಬೇಕು ಎಂದು ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 18323 ಹೇಳಿದ್ದು 2015ರಲ್ಲೇ. ನಿಮ್ಮ ವ್ಯಾಪಾರದವರಿಗೆ ಇದು ಹೊಸ ಸುದ್ದಿ ಅಲ್ಲ.

ಈಗ ನಾನು ಕೇಳುವುದು ಇಷ್ಟು. ಓಲೆ ವಾಪಸ್ ತೆಗೆದುಕೊಂಡು ಬಿಲ್ಲಿನ ಪೂರ್ತಿ ಹಣ 1,99,243 ರೂಪಾಯಿ ಕೊಡಿ, ಪ್ರಯೋಗಾಲಯಕ್ಕೆ ಕಟ್ಟಿದ ಶುಲ್ಕವನ್ನೂ ಸೇರಿಸಿ. ಅದಾಗದಿದ್ದರೆ ಇದೇ ಓಲೆಗೆ ಇದೇ ತೂಕದ, ಇದೇ ದರ್ಜೆಯ ಗಣಿಯ ಹದಿನಾಲ್ಕು ಕಲ್ಲು ಕೂರಿಸಿ ಕೊಡಿ, ನಿಮ್ಮ ಕಾರ್ಡ್ ಬೇಡ, ಹೊರಗಿನ ಪ್ರಯೋಗಾಲಯದ ವರದಿಯೊಂದಿಗೆ. ಎರಡರಲ್ಲಿ ಯಾವುದಾದರೂ ನನಗೆ ಸರಿ. ಗಿಫ್ಟ್ ವೋಚರ್ ಕೊಡುತ್ತೇವೆ ಎಂದು ಹೋದ ವಾರ ಬಂದ ಫೋನಿಗೆ ಉತ್ತರ ಇಲ್ಲೇ ಹೇಳುತ್ತೇನೆ, ಬೇಡ.

ಮತ್ತೊಂದು. ಬಿಲ್ಲಿನ ವಿವರದ ಸಾಲಿನಲ್ಲಿ, ಓದಲು ಬರುವ ಅಕ್ಷರದಲ್ಲಿ, "ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ" ಎಂದು ಕನ್ನಡದಲ್ಲೂ ಬರೆಯಿರಿ. ಆ ಟೆಸ್ಟರ್ ಪೆನ್ನು ತೋರಿಸಿ "ಕೂಗ್ತು" ಅನ್ನುವ ಆಟ ನಿಲ್ಲಿಸಿ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಹೇಳಿಕೊಟ್ಟದ್ದನ್ನು ಅವನು ಮಾಡಿದ. ಈ ದೂರಿನ ನೆಪದಲ್ಲಿ ಅವನ ಕೆಲಸಕ್ಕೆ ಕುತ್ತು ತರಬೇಡಿ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು, ಫೋನಿನಲ್ಲಿ ಅಲ್ಲ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನಿವೃತ್ತಳಾದ ಮೇಲೆ ನನಗೆ ಸಮಯವೂ ಬೇಕಾದಷ್ಟಿದೆ.

ಓಲೆ ನನ್ನ ಬೀರುವಿನಲ್ಲಿದೆ. ಮಗಳು ಸದ್ಯಕ್ಕೆ ಅಜ್ಜಿಯ ಓಲೆ ಹಾಕಿಕೊಂಡಿದ್ದಾಳೆ.

ಇಂತಿ,
ನಿಮ್ಮ ಗ್ರಾಹಕಿ
(ಸಹಿ)