ಎಲ್ಲವೂ ಸುಳ್ಳು ಅಂತ ಕೈಬಿಡಬೇಡ ಮಗಳೇ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ ನೀನು, "ಯಾವುದು ನಿಜ ಯಾವುದು ಸುಳ್ಳು ಅಂತ ಯಾರಿಗೆ ಗೊತ್ತು ದೊಡ್ಡಮ್ಮ, ಎಲ್ಲರೂ ಸುಳ್ಳೇ ಹೇಳೋದು, ನಾನು ಸುದ್ದಿ ನೋಡೋದೇ ಬಿಟ್ಟೆ, ಓಟು ಹಾಕಿದರೂ ಅಷ್ಟೇ" ಅಂದೆಯಲ್ಲ, ಆ ಮಾತು ನನ್ನನ್ನು ಕೊರೆಯುತ್ತಿದೆ. ನೀನು ಯಾವುದೋ ಸುಳ್ಳು ಸುದ್ದಿ ನಂಬಿ ನನಗೆ ಕಳಿಸಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ. ಅದನ್ನು ತಿದ್ದಬಹುದು. ಯಾವುದನ್ನೂ ನಂಬಲ್ಲ ಅನ್ನುವವರಿಗೆ ಏನು ಹೇಳೋದು?

ಸುಳ್ಳು ಸುದ್ದಿ ಜನರನ್ನು ನಂಬಿಸಿ ಮಾಡುವ ಅನಾಹುತ ಚಿಕ್ಕದಲ್ಲ, ಒಪ್ಪುತ್ತೇನೆ. 2018ರಲ್ಲಿ ನಮ್ಮ ದೇಶದಲ್ಲಿ ಒಂದು ವಿಡಿಯೊ ಹರಿದಾಡಿತ್ತು. ಬೈಕಿನಲ್ಲಿ ಬಂದವರು ರಸ್ತೆಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಅಷ್ಟೇ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಮೇಲೆ ಕಣ್ಣಿಡಿ ಅಂತ ಜನರನ್ನು ಎಚ್ಚರಿಸಲು ಮಾಡಿದ ವಿಡಿಯೊ. ಕೊನೆಯಲ್ಲಿ ಅದೇ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆ ಬರೆದ ಫಲಕ ಎತ್ತಿ ತೋರಿಸುತ್ತಾರೆ. ಯಾರೋ ಆ ಕೊನೆಯ ತುಣುಕನ್ನೇ ಕತ್ತರಿಸಿ ಹರಿಬಿಟ್ಟರು. ಇಂಥ ವಿಡಿಯೊ, ಮೆಸೇಜು ನಂಬಿ, ಮಕ್ಕಳ ಕಳ್ಳರು ಅನ್ನೋ ಗುಮಾನಿಯಲ್ಲೇ ಜನ ಆ ವರ್ಷ 20ಕ್ಕೂ ಹೆಚ್ಚು ಮಂದಿಯನ್ನು ಹೊಡೆದು ಕೊಂದರು. ವಾಟ್ಸಾಪ್‌ನವರು ಒಂದು ಮೆಸೇಜನ್ನು ಒಮ್ಮೆಗೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಕಟ್ಟುಪಾಡು ತಂದಿದ್ದು ಆಮೇಲೆ.

ಇದನ್ನೆಲ್ಲ ಹರಡೋದು ಯಾವುದೋ ಯಂತ್ರ ಅಂದುಕೊಳ್ಳಬೇಡ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಓಡಾಡಿದ ಸುದ್ದಿಗಳ ಜಾಡು ಹಿಡಿದು ನೋಡಿದರು. ಸುಳ್ಳು ಸುದ್ದಿ ರೀಟ್ವೀಟ್ ಆಗುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಜಾಸ್ತಿ. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು 6 ಪಟ್ಟು ಸಮಯ ಬೇಕಾಯಿತು. ಬಾಟ್‌ಗಳು, ಅಂದರೆ ತಾವಾಗಿಯೇ ಪೋಸ್ಟ್ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳು, ನಿಜ, ಸುಳ್ಳು ಎರಡನ್ನೂ ಹೆಚ್ಚುಕಮ್ಮಿ ಒಂದೇ ಸಮನೆ ಹರಡುತ್ತಿದ್ದವು. ವ್ಯತ್ಯಾಸ ಮಾಡಿದ್ದು ನಮ್ಮಂಥ ಮನುಷ್ಯರೇ. ಹೊಸದು, ಅಚ್ಚರಿಯದ್ದು ಕಂಡರೆ ನಮಗೆ ತಡೆಯೋಕಾಗಲ್ಲ, ಅಲ್ವಾ?

ಆದರೆ ಸುಳ್ಳು ಹರಡುವವರಿಗೆ ಎಲ್ಲರೂ ನಂಬಲೇಬೇಕು ಅಂತೇನಿಲ್ಲ ಮಗಳೇ. ಜನ ಗೊಂದಲಕ್ಕೆ ಬಿದ್ದು ಸುಸ್ತಾಗಿ, "ಎಲ್ಲಾ ಒಂದೇ" ಅಂತ ಕೈಚೆಲ್ಲಿದರೂ ಅವರ ಕೆಲಸ ಆದಂತೆಯೇ. ಆಗ ಲಂಚ ತಿಂದವನ ನಿಜವಾದ ವಿಡಿಯೊ ಹೊರಗೆ ಬಂದರೂ ಅವನು "ಅದು ಎಐನಲ್ಲಿ ಮಾಡಿದ್ದು" ಅಂದು ಆರಾಮಾಗಿ ಓಡಾಡುತ್ತಾನೆ. ಆಸ್ಪತ್ರೆಗೆ ಎಷ್ಟು ಹಣ ಕೊಡಬೇಕು ಅಂತ ನಾವಿಬ್ಬರೂ ಜಗಳ ಆಡಬಹುದು, ಅದು ಒಳ್ಳೆಯ ಜಗಳ. ಆ ಆಸ್ಪತ್ರೆ ಕಟ್ಟಿದ್ದಾರೋ ಇಲ್ಲವೋ ಅನ್ನೋದರಲ್ಲೇ ನಮಗೆ ಒಮ್ಮತ ಇಲ್ಲದಿದ್ದರೆ ಚರ್ಚೆ ಎಲ್ಲಿಂದ ಶುರುವಾಗಬೇಕು? ಸರಿಯಾಗಿ ಕೆಲಸ ಮಾಡದವರನ್ನು ಇಳಿಸೋಕೇ ಓಟು ಇರೋದು, ಆದರೆ ಅವರು ಏನು ಮಾಡಿದರು ಅಂತಲೇ ಗೊತ್ತಿಲ್ಲದಿದ್ದರೆ ಆ ಓಟು ಕುರುಡು.

ಯುರೋಪಿನ ಸ್ಲೊವಾಕಿಯಾ ದೇಶದಲ್ಲಿ 2023ರ ಸೆಪ್ಟೆಂಬರ್ 30ರಂದು ಚುನಾವಣೆ ಇತ್ತು. ಇನ್ನು ಎರಡು ದಿನ ಇದೆ ಅನ್ನುವಾಗ, ಪ್ರೊಗ್ರೆಸಿವ್ ಸ್ಲೊವಾಕಿಯಾ ಅನ್ನೋ ಪಕ್ಷದ ನಾಯಕ ಮಿಖಲ್ ಶಿಮೆಚ್ಕಾ ಓಟು ಖರೀದಿ ಬಗ್ಗೆ ಒಬ್ಬ ಪತ್ರಕರ್ತೆ ಜೊತೆ ಮಾತಾಡಿದಂತೆ ಕೇಳುವ ಆಡಿಯೊ ಹೊರಬಂತು. ಇಬ್ಬರೂ ಅದು ನಕಲಿ ಅಂದರು. ಪರಿಶೀಲಿಸಿದವರಿಗೂ ಎಐ ಬಳಸಿದ ಗುರುತು ಕಂಡಿತು. ಆದರೆ ಮತದಾನಕ್ಕೆ ಮುಂಚಿನ 48 ಗಂಟೆ ಅಲ್ಲಿ ಪ್ರಚಾರ ಮಾಡುವಂತಿಲ್ಲ, ಹಾಗಾಗಿ ಉತ್ತರ ಕೊಡೋಕೆ ಬಾಯಿ ಕಟ್ಟಿದಂತಾಗಿತ್ತು. ಆ ಪಕ್ಷ ಎರಡನೇ ಸ್ಥಾನಕ್ಕೆ ಬಂತು. ಆಡಿಯೊದಿಂದಲೇ ಸೋತರು ಅಂತ ನಾನು ಹೇಳಲ್ಲ. ಆ ಸಮಯ ಆರಿಸಿಕೊಂಡಿದ್ದು ನೋಡು ಅಂತಿದ್ದೇನೆ. ಮತದಾನದ ಹಿಂದಿನ ದಿನ ಬರುವ ಸ್ಫೋಟಕ ಸುದ್ದಿಯನ್ನು ಅದಕ್ಕೇ ಜಾಸ್ತಿ ಅನುಮಾನಿಸು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಈಗ ಕಿವಿಗೂ ಅದೇ ಮಾತು.

ಪರಾಂಬರಿಸೋದು ದೊಡ್ಡ ವಿದ್ಯೆಯೇನಲ್ಲ. ಬಂದ ಮೆಸೇಜನ್ನೇ ದಿಟ್ಟಿಸುತ್ತಾ ಕೂರಬೇಡ. ಹೊಸ ಟ್ಯಾಬ್ ತೆರೆದು ಬೇರೆಯವರು ಏನು ಬರೆದಿದ್ದಾರೆ ನೋಡು, ಫೋಟೊ ಆದರೆ ಗೂಗಲ್ ಲೆನ್ಸ್‌ಗೆ ಹಾಕು. ಎಷ್ಟೋ ಸಲ ಹಳೇ ಫೋಟೊಗೆ ಹೊಸ ಕಥೆ ಅಂಟಿಸಿರುತ್ತಾರೆ, ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಓದಿದ ತಕ್ಷಣ ಮೈ ಉರಿದರೆ ಸ್ವಲ್ಪ ತಡಿ, ಆಮೇಲೆ ಕಳಿಸು.

ಇನ್ನು "ಎಲ್ಲರೂ ಸುಳ್ಳೇ" ಅನ್ನೋ ಮಾತು. ತಪ್ಪು ಬರೆದು ಮರುದಿನ ತಿದ್ದುಪಡಿ ಹಾಕಿ ವಿಷಾದಿಸುವ ಪತ್ರಿಕೆಯನ್ನೂ, ಸಿಕ್ಕಿಬಿದ್ದಾಗ ಪೋಸ್ಟ್ ಅಳಿಸಿ ಸುಮ್ನೆ ಮುಂದೆ ಹೋಗುವ ಪೇಜನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಆ ವ್ಯತ್ಯಾಸ ಗುರುತಿಸಿ, ಎರಡೋ ಮೂರೋ ಕಡೆ ಓದುವ ಅಭ್ಯಾಸ ಇಟ್ಟುಕೋ.

ಫ್ಯಾಮಿಲಿ ಗ್ರೂಪಿನಲ್ಲಿ ಮಾವ ಏನಾದರೂ ಹಾಕಿದರೆ ಎಲ್ಲರ ಮುಂದೆ ಅವರ ಮುಖಕ್ಕೆ ಹೊಡೆದಂತೆ ಬರೆಯಬೇಡ, ಫೋನ್ ಮಾಡಿ ಹೇಳು. ಮರ್ಯಾದೆ ಹೋಯಿತು ಅನಿಸಿದರೆ ಅವರು ಅದನ್ನೇ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರು ಇದೆಯಾ ಅಂತ ಈ ವಾರವೇ ನೋಡಿ ನನಗೆ ತಿಳಿಸು.

ನಿನ್ನ ದೊಡ್ಡಮ್ಮ